ಸಾಮಾನ್ಯ ಸದಸ್ಯ

ನಿಯಮದಲ್ಲಿ ಹಾಗೇ ಬರೆದಿದೆಯಂತೆ:
ಸಮಿತಿಯಲ್ಲಿ ಡಾಕ್ಟರಿರಬೇಕು, ವಕೀಲರಿರಬೇಕು,
ಹೊರಗಿನಿಂದ ಬಂದ ಅಧ್ಯಕ್ಷರಿರಬೇಕು,
ಮತ್ತೆ, ಇದ್ಯಾವುದೂ ಅಲ್ಲದ
ಒಬ್ಬ ಸಾಮಾನ್ಯ ಮನುಷ್ಯ.
ಅದು ನಾನು.
ಶಿಡ್ಲಘಟ್ಟದ ಅಂಚೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಮೊಹರು ಗುದ್ದಿ ನಿವೃತ್ತನಾದವನು.
ನಾನಿಲ್ಲದೆ ಕೋರಂ ಇಲ್ಲ. ನಾನಿದ್ದರೆ
ಒಂದು ಲೋಟ ಕಾಫಿ, ಎರಡು ಬಿಸ್ಕತ್ತು,
ಚಿಕ್ಕಬಳ್ಳಾಪುರಕ್ಕೆ ಹೋಗಿಬರುವ ಬಸ್ ಚಾರ್ಜು.

ಆವತ್ತು ಮೇಜಿಗೆ ಬಂದದ್ದು ರೇಷ್ಮೆಯ ಫೈಲು.
ನೂಲು ಬಿಚ್ಚುವವರ ಶ್ವಾಸಕೋಶದಲ್ಲಿ
ಎಷ್ಟು ಗಾಳಿ ಹಿಡಿಯುತ್ತದೆ ಎಂಬ ಅಧ್ಯಯನ.
ಒಳ್ಳೆಯ ಕೆಲಸ. ನಿಜಕ್ಕೂ ಒಳ್ಳೆಯ ಕೆಲಸ.
ಆ ಕೇರಿಯ ಕೆಮ್ಮು ನನಗೆ ಗೊತ್ತು,
ಕೌಂಟರಿನ ಜಾಲರಿಗೆ ಮುಖಕ್ಕಿಂತ ಮೊದಲು
ಅದೇ ಬರುತ್ತಿತ್ತು.

ಡಾಕ್ಟರ್ ಪ್ರಭಂಜನ ಗೋಡೆಗೆ ಬೆಳಕು ಬಿಟ್ಟು
ಗ್ರಾಫು ತೋರಿಸಿದರು. ವಕೀಲರು ವಿಮೆಯ ಬಗ್ಗೆ ಕೇಳಿದರು.
ಟ್ಯಾಗಿನಲ್ಲಿ ಪೋಣಿಸಿದ ನೂರ ಹನ್ನೆರಡು ಸಮ್ಮತಿ ಪತ್ರ
ಕೈಯಿಂದ ಕೈಗೆ ದಾಟಿ
ಕೊನೆಗೆ ನನ್ನ ಮುಂದೆ ಬಂತು.

"ನನಗೆ ಓದಿ ಹೇಳಲಾಗಿದೆ. ನನಗೆ ಅರ್ಥವಾಗಿದೆ.
ಯಾವಾಗ ಬೇಕಾದರೂ ನಾನು ಹಿಂದೆ ಸರಿಯಬಹುದು."
ಕೆಳಗೆ ನೇರಳೆ ಹೆಬ್ಬೆಟ್ಟು.
ಗೆರೆಗೆ ಗೆರೆ, ಸುಳಿಗೆ ಸುಳಿ,
ನುರಿತ ಕೈಯ ರಂಗೋಲಿಯಷ್ಟು ಸ್ಪಷ್ಟ.

ನಾನು ಲೋಟ ಕೆಳಗಿಟ್ಟೆ.

ಕುದಿನೀರಲ್ಲಿ ಗೂಡಿನ ಎಳೆ ಹುಡುಕುತ್ತ
ಇಪ್ಪತ್ತು ವರ್ಷ ಬೆಂದ ಕೈಗೆ
ಗೆರೆ ಎಲ್ಲಿಂದ ಬರಬೇಕು?
ಹಿತಕಿದ ಅವರೆಬೇಳೆಯ ಹಾಗೆ ನುಣುಪಾಗಿ, ಬಿಳಿಚಿ,
ಆ ಬೆರಳು ಒತ್ತಿದರೆ ಕಾಗದದ ಮೇಲೆ
ಬೀಳುವುದು ಒಂದು ಮಸಿಮುದ್ದೆ.
ರೇಷನ್ ಅಂಗಡಿಯ ಯಂತ್ರ ಅವರನ್ನು
ತಿಂಗಳು ತಿಂಗಳೂ ಯಾರೋ ಅನ್ನುತ್ತದೆ.

"ಇವು ಅವರವಲ್ಲ" ಅಂದೆ.
ಪ್ರೊಜೆಕ್ಟರಿನ ಫ್ಯಾನಿನ ಸದ್ದು.
"ನಿಮಗೆ ಹೇಗೆ ಗೊತ್ತು?" ಅಧ್ಯಕ್ಷರು, ಮೆಲ್ಲಗೆ,
ಸಾಮಾನ್ಯರನ್ನು ಕೇಳುವ ಹಾಗೆ.

ಬಾಣಲೆಯ ವಿಷಯ ಹೇಳಿದೆ. ಯಂತ್ರದ ವಿಷಯ ಹೇಳಿದೆ.
ಇದೊಂದನ್ನು ಹೇಳಲಿಲ್ಲ:

ತೊಂಬತ್ನಾಲ್ಕರಲ್ಲಿ, ರಂಜಾನಿಗೆ ಎರಡು ದಿನ ಮುಂಚೆ,
ಖಮರುನ್ನೀಸಾಳ ಆರು ತಿಂಗಳ ವಿಧವಾ ವೇತನ.
ಮೂರು ಸಲ ಒತ್ತಿದಳು, ಮೂರು ಸಲವೂ ಮುದ್ದೆ.
ಮೇಲಿನವರ ತಪಾಸಣೆ ಇತ್ತು.
"ಬೆರಳನ್ನ ಹುಳ ತಿಂದ್ಬಿಟ್ಟಿದೆ, ಪೋಸ್ಟ್ ಸಾಬ್"
ಅಂತ ಸೆರಗಿಗೆ ಕೈ ಒರೆಸಿ ನಕ್ಕಳು.
ನಾನು ಆಚೆ ಈಚೆ ನೋಡಿ
ನನ್ನದೇ ಹೆಬ್ಬೆಟ್ಟು ಒತ್ತಿದೆ.
ನೋಟು ಎರಡು ಸಲ ಎಣಿಸಿ ಕೊಟ್ಟೆ.

ಆ ಹುಡುಗನೂ, ಒಪ್ಪಂದದ ಸಂಬಳಕ್ಕೆ
ದಿನಕ್ಕೆ ಹತ್ತು ಫಾರಂ ತುಂಬಬೇಕಾದವನು,
ಹಾಗೇ ಅಂದುಕೊಂಡಿರಬೇಕು: ಯಾರಿಗೇನು ನಷ್ಟ?
ಉಸಿರು ಅವರದೇ. ಬೆರಳು ಮಾತ್ರ ತನ್ನದು.

ಅಧ್ಯಯನ ತಡೆಹಿಡಿಯಲಾಗಿದೆ ಎಂದು ನಡಾವಳಿ ಬರೆದರು.
ಬಸ್ಸಿನಲ್ಲಿ ನನ್ನೊಳಗೇ ವಾದ ಹೂಡಿದೆ:
ನಾನೊತ್ತಿದ್ದು ಅವಳು ಬೇಕು ಅಂದದ್ದಕ್ಕೆ,
ಅವನೊತ್ತಿದ್ದು ಅವರು ಬೇಡ ಅನ್ನಬಹುದಾಗಿದ್ದದ್ದಕ್ಕೆ.
ಹಂಡಿಗನಾಳ ಬರುವ ತನಕ ವಾದ ನಿಂತಿತ್ತು.
ಆಮೇಲೆ ಹೆಬ್ಬೆರಳು ಸುಮ್ಮನೆ ಪ್ಯಾಂಟಿಗೆ
ಒರೆಸಿಕೊಳ್ಳತೊಡಗಿತು.

ಎಂಬತ್ತೇಳನೆಯ ಹಾಳೆಯಲ್ಲಿ ಖಮರುನ್ನೀಸಾಳ ಮಗಳ ಹೆಸರಿತ್ತು.
ಭಾನುವಾರ ಗೂಡಿನ ಮಾರುಕಟ್ಟೆಯ ಹತ್ತಿರ
ಅವಳೇ ನಿಲ್ಲಿಸಿ ಮಾತಾಡಿಸಿದಳು.
ನಾನೇನೂ ಕೇಳುವಂತಿಲ್ಲ,
ಗೋಪ್ಯತೆಗೆ ಸಹಿ ಹಾಕಿದ್ದೇನೆ, ಸ್ವಂತ ಸಹಿ.
"ನಿಮಗೆ ದೊಡ್ಡೋರ ಗುರುತಿದೆಯಲ್ಲ ಸಾಬ್,
ಯಾರೋ ಬಂದು ಕೊಳವೆ ಊದಿಸ್ಕೊಂಡು ಹೋದ್ರು.
ನನ್ನ ಉಸಿರು ಎಷ್ಟು ಬಂತಂತೆ?"

ಗೋಡೆಯ ಮೇಲೆ ಕೆಳಗಿಳಿದಿದ್ದ ಚುಕ್ಕೆಗಳಲ್ಲಿ
ಇವಳದು ಯಾವುದೋ.

ಮುಂದಿನ ಸಭೆ ಇಪ್ಪತ್ತೆರಡಕ್ಕೆ.
ಕಾರ್ಯಸೂಚಿಯಲ್ಲಿ ಹದಿನಾಲ್ಕು ವಿಷಯಗಳಿವೆ.
ಹದಿನೈದನೆಯದನ್ನು ಪೆನ್ನಿನಲ್ಲಿ ಬರೆದಿದ್ದೇನೆ,
ಅವಳ ಮಾತಿನಲ್ಲೇ.